ಎಂಜೈಮ್ ವಾಷ್ ಹಸಿರೇ? ನೀರಿನ ಲೆಕ್ಕ ಕೇಳಿ

ಪ್ರಶ್ನೆ: ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಜಾಬ್‌ವರ್ಕ್ ಘಟಕ ಇಟ್ಟುಕೊಂಡಿದ್ದೇನೆ. ಹೊಲಿದ ಮಾಲು ವಾಷಿಂಗಿಗೆ ಹೋಗಿ ಬರುತ್ತದೆ. ಈಗೀಗ ವಾಷಿಂಗ್‌ನವರು "ನಮ್ಮದು ಎಂಜೈಮ್ ವಾಷ್, ಪರಿಸರಕ್ಕೆ ಏನೂ ತೊಂದರೆಯಿಲ್ಲ" ಎಂದು ರೇಟು ಜಾಸ್ತಿ ಕೇಳುತ್ತಿದ್ದಾರೆ. ಇಂಟರ್ ಓದುವ ಮಗಳು "ಎಂಜೈಮ್ ಅಂದರೆ ವೇಗವರ್ಧಕ, ಮುಂದಿನ ಕೆಮಿಸ್ಟ್ರಿಯೆಲ್ಲ ಅದರ ಮೇಲೇ ನಿಂತಿದೆ" ಅನ್ನುತ್ತಾಳೆ. ಇದರಲ್ಲಿ ನಿಜವೆಷ್ಟು, ಮಾರಾಟದ ಮಾತೆಷ್ಟು? ಇನ್ನೊಂದು: ನನ್ನ ಹುಟ್ಟೂರು ಮಡಕಶಿರದ ಕಡೆ. ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುತ್ತಾರೆಂದು ಹಿಂದೆ ಭಾರೀ ಸುದ್ದಿಯಿತ್ತು. ಅದೇನಾಯಿತು?
(ಓದುಗರು, ರಾಯದುರ್ಗ, ಅನಂತಪುರ ಜಿಲ್ಲೆ)

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ವಾಷಿಂಗ್‌ನವರು ಹೇಳಿದ್ದು ಅರ್ಧ ಸರಿ. ಉಳಿದರ್ಧ ನೀರಿಗೆ ಸೇರಿದ್ದು, ಅದನ್ನು ಅವರು ಹೇಳಿಲ್ಲ.

ಮೊದಲು ನಿಮ್ಮ ಕೈಗೆಟುಕುವ ಒಂದು ವಸ್ತುವಿನಿಂದ ಶುರು ಮಾಡೋಣ. ವಾಷಿಂಗಿಗೆ ಹೋಗದ ಹೊಸ ಡೆನಿಮ್ ತುಂಡಿನಿಂದ ಒಂದು ನೀಲಿ ನೂಲನ್ನು ಎಳೆದು, ಕತ್ತರಿಯಿಂದ ನೇರ ಕತ್ತರಿಸಿ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹೊರಗೆ ನೀಲಿಯ ಬಳೆ, ಒಳಗೆ ಬಿಳಿ. ಇಂಡಿಗೊ ಬಣ್ಣ ನೂಲಿನ ಒಳಕ್ಕೆ ಇಳಿಯುವುದಿಲ್ಲ, ಮೇಲ್ಪದರದಲ್ಲೇ ಕೂತಿರುತ್ತದೆ. ಜೀನ್ಸ್ ಮಸುಕಾಗುವುದೂ ಅದರಿಂದಲೇ, ಅಷ್ಟೊಂದು ಜನ ಅದನ್ನು ಇಷ್ಟಪಡುವುದೂ ಅದರಿಂದಲೇ. ಮೇಲಿನ ನಾರು ಸ್ವಲ್ಪ ಸವೆದರೆ ಸಾಕು, ಒಳಗಿನ ಬಿಳಿ ಇಣುಕುತ್ತದೆ. ವಾಷಿಂಗ್ ಘಟಕದ ಕೆಲಸ ಎಂದರೆ ಈ ಸವೆತವನ್ನು ಲೆಕ್ಕದ ಮೇಲೆ ಮಾಡಿಸುವುದು.

ಮೊದಲು ಇದನ್ನು ಪ್ಯೂಮಿಸ್ ಎಂಬ ಜ್ವಾಲಾಮುಖಿ ಕಲ್ಲಿನಿಂದ ಮಾಡಿಸುತ್ತಿದ್ದರು. ಡ್ರಮ್ಮಿನಲ್ಲಿ ಪ್ಯಾಂಟಿನ ಜೊತೆ ಕಲ್ಲು ಸುರಿದು ತಿರುಗಿಸಿದರೆ ಬಟ್ಟೆ ಉಜ್ಜಿಹೋಗುತ್ತದೆ, ಕಲ್ಲೂ ಪುಡಿಯಾಗುತ್ತದೆ. ಆ ಪುಡಿ ಜೇಬು, ಚರಂಡಿ, ಪಂಪು ಎಲ್ಲ ಕಡೆ ಸೇರುತ್ತದೆ. ಡ್ರಮ್ಮಿನ ಒಳಗೋಡೆಗೂ ಪೆಟ್ಟು. 1980ರ ದಶಕದ ಕೊನೆಗೆ ಈ ಕಲ್ಲಿನ ಜಾಗಕ್ಕೆ ಸೆಲ್ಯುಲೇಸ್ ಎಂಬ ಕಿಣ್ವ ಬಂತು. ನಿಮ್ಮ ವಾಷಿಂಗ್‌ನವರು ಎಂಜೈಮ್ ಎನ್ನುವುದು ಹೆಚ್ಚಾಗಿ ಇದನ್ನೇ. ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ಅದರ ಉದ್ದನೆಯ ಸರಪಳಿಯನ್ನು ಈ ಕಿಣ್ವ ನೂಲಿನ ಮೇಲ್ಮೈಯಲ್ಲಿ ಅಲ್ಲಲ್ಲಿ ಕಡಿಯುತ್ತದೆ. ಸಡಿಲವಾದ ನಾರು ಡ್ರಮ್ಮಿನ ತಿಕ್ಕಾಟಕ್ಕೆ ಬಣ್ಣದ ಸಮೇತ ಉದುರುತ್ತದೆ. ಕಿಣ್ವ ಮಾತ್ರ ಖರ್ಚಾಗುವುದಿಲ್ಲ, ಒಂದು ಕಡಿತ ಮುಗಿಸಿ ಮುಂದಿನದಕ್ಕೆ ಹೋಗುತ್ತದೆ.

ವೇಗವರ್ಧಕದ ಗುಣವೇ ಅದು. ಕ್ರಿಯೆಯಲ್ಲಿ ಪಾಲುಗೊಳ್ಳುತ್ತದೆ, ಕೊನೆಗೆ ತಾನು ತಾನಾಗಿಯೇ ಹೊರಬರುತ್ತದೆ. ರಾಯದುರ್ಗದ ಕೋಟೆ ಬೆಟ್ಟದ ಆಚೆ ಬದಿಗೆ ಹೋಗಬೇಕಾದವನು ಬೆಟ್ಟ ಹತ್ತಿ ಇಳಿಯಬಹುದು, ಬಗಲಿನ ದಾರಿ ಗೊತ್ತಿದ್ದರೆ ಸುತ್ತಿಕೊಂಡೂ ಹೋಗಬಹುದು. ವೇಗವರ್ಧಕ ತೋರಿಸುವುದು ಆ ಬಗಲಿನ ದಾರಿ. ಹತ್ತುವ ಶ್ರಮ ಉಳಿಯಿತು ಎಂದರೆ ಕಾರ್ಖಾನೆಯ ಭಾಷೆಯಲ್ಲಿ ಬಾಯ್ಲರಿನ ಸೌದೆ ಉಳಿಯಿತು, ಆಸಿಡ್ ಉಳಿಯಿತು, ಹೊತ್ತು ಉಳಿಯಿತು. ಆದರೆ ತಲುಪುವ ಊರು ಬದಲಾಗುವುದಿಲ್ಲ. ಆಗದ ಕ್ರಿಯೆಯನ್ನು ಯಾವ ವೇಗವರ್ಧಕವೂ ಆಗಿಸಲಾರದು.

ಈ ಸೆಲ್ಯುಲೇಸಿನ ಮೂಲ ಕೇಳಿದರೆ ನಿಮಗೆ ನಗು ಬರಬಹುದು. ಎರಡನೇ ಮಹಾಯುದ್ಧದ ಹೊತ್ತಿಗೆ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಬೀಡುಬಿಟ್ಟ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳು, ಬಟ್ಟೆಗಳು ಕಂಡಕಂಡಲ್ಲಿ ಕೊಳೆತು ಹರಿದುಹೋಗುತ್ತಿದ್ದವು. ಕಾರಣ ಒಂದು ಶಿಲೀಂಧ್ರ, ಅಂದರೆ ಬೂಷ್ಟು. ಅದರಿಂದ ಬಟ್ಟೆ ಉಳಿಸುವುದು ಹೇಗೆಂದು ಸಂಶೋಧನೆಗಿಳಿದವರಲ್ಲಿ ಎಲ್ವಿನ್ ರೀಸ್ ಒಬ್ಬರು. ಮುಂದೆ ಅವರ ಹೆಸರನ್ನೇ ಆ ಬೂಷ್ಟಿಗೆ ಇಟ್ಟರು: ಟ್ರೈಕೋಡರ್ಮಾ ರೀಸೈ. ಸೈನ್ಯದ ಡೇರೆ ತಿಂದ ಅದೇ ಬೂಷ್ಟಿನ ಕಿಣ್ವವನ್ನು ಇವತ್ತು ದುಡ್ಡು ಕೊಟ್ಟು ತಂದು ಪ್ಯಾಂಟಿನ ಮೇಲೆ ಬಿಡುತ್ತೇವೆ.

ತಿನ್ನುವ ಸ್ವಭಾವ ಮಾತ್ರ ಹೋಗಿಲ್ಲ. ಟ್ರೈಕೋಡರ್ಮಾದ ಆಸಿಡ್ ಸೆಲ್ಯುಲೇಸಿಗೆ 50 ಡಿಗ್ರಿಯ ಆಸುಪಾಸಿನ ಬಿಸಿ, ಐದರ ಸುತ್ತಿನ ಪಿಎಚ್ ಬೇಕು. ಬೇಗ ಕೆಲಸ ಮುಗಿಸುತ್ತದೆ, ಆದರೆ ಕಿತ್ತ ನೀಲಿ ಮತ್ತೆ ಬಿಳಿ ನೂಲಿಗೆ, ಜೇಬಿನ ಬಟ್ಟೆಗೆ ಹತ್ತುವುದು ಜಾಸ್ತಿ. ನ್ಯೂಟ್ರಲ್ ಸೆಲ್ಯುಲೇಸ್ ನಿಧಾನ, ಆದರೆ ಹಾಗೆ ಬಣ್ಣ ಹತ್ತುವುದು ಕಡಿಮೆ. ಕೆಲಸ ಮುಗಿದ ಮೇಲೆ ನೀರಿನ ಬಿಸಿಯನ್ನು 80 ಡಿಗ್ರಿಗೆ ಏರಿಸಿಯೋ, ಸೋಡಾ ಹಾಕಿ ಪಿಎಚ್ ಹತ್ತಕ್ಕೆ ತಂದೋ ಕಿಣ್ವವನ್ನು ಕೊಲ್ಲಬೇಕು. ಸೌದೆ ಉಳಿಸಲು ಈ ಹಂತ ಬಿಟ್ಟರೆ ಕಿಣ್ವ ಒದ್ದೆ ಬಟ್ಟೆಯಲ್ಲಿ ತನ್ನ ಪಾಡಿಗೆ ಕಡಿಯುತ್ತಲೇ ಇರುತ್ತದೆ. ವಾಷಿಂಗಿನಿಂದ ಬಂದ ಮಾಲಿನಲ್ಲಿ ಹೊಲಿಗೆಯ ಪಕ್ಕ ಬಟ್ಟೆ ಹಿಂಜಿದಂತೆ ಕಂಡರೆ ದಾರವನ್ನೋ ಟೈಲರನ್ನೋ ಬೈಯುವ ಮೊದಲು ಈ ಪ್ರಶ್ನೆ ಕೇಳಿ.

ಅದೇ ಡ್ರಮ್ಮಿನಲ್ಲಿ ಇನ್ನೂ ಮೂರು ಕಿಣ್ವಗಳಿಗೆ ಕೆಲಸವಿದೆ. ನೇಯುವಾಗ ನೂಲಿಗೆ ಹಾಕಿದ ಗಂಜಿಯನ್ನು ಅಮೈಲೇಸ್ ಕರಗಿಸುತ್ತದೆ. ಬ್ಲೀಚಿಂಗಿಗೆ ಹಾಕಿದ ಹೈಡ್ರೋಜನ್ ಪೆರಾಕ್ಸೈಡ್ ಉಳಿದುಕೊಂಡರೆ ಕೆಟಲೇಸ್ ಅದನ್ನು ನೀರು, ಆಮ್ಲಜನಕ ಮಾಡಿಬಿಡುತ್ತದೆ. ಕೆಟಲೇಸಿನ ಒಂದೇ ಒಂದು ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು. ಇಷ್ಟು ಚುರುಕಿನದನ್ನು ಮನುಷ್ಯ ಅಪರೂಪಕ್ಕೆ ಮಾಡಿಯಾನು. ಮೂರನೆಯದು ಲ್ಯಾಕೇಸ್, ನನಗೆ ಹೆಚ್ಚು ಭರವಸೆಯಿರುವುದು ಇದರ ಮೇಲೆ. ಗಾಳಿಯ ಆಮ್ಲಜನಕವನ್ನೇ ಬಳಸಿ ಇಂಡಿಗೊವನ್ನು ಒಡೆಯುತ್ತದೆ, ಹತ್ತಿಯ ತಂಟೆಗೆ ಹೋಗುವುದಿಲ್ಲ. ಹೈಪೋಕ್ಲೋರೈಟ್ ಬ್ಲೀಚ್ ಹಾಗಲ್ಲ, ಬಣ್ಣದ ಜೊತೆ ನಾರನ್ನೂ ಸುಡುತ್ತದೆ, ಕ್ಲೋರಿನ್ ಕೂಡಿದ ಕಸವನ್ನು ನೀರಿಗೆ ಬಿಡುತ್ತದೆ. ಇಷ್ಟಿದ್ದೂ ಅಗ್ಗ ಎಂಬ ಕಾರಣಕ್ಕೆ ಬ್ಲೀಚ್ ಉಳಿದಿದೆ. ತೊಡೆಯ ಮೇಲೆ ಬಿಳಿ ಮಚ್ಚೆ ಬರಿಸಲು ಹೊಡೆಯುವ ಪಿಪಿ ಸ್ಪ್ರೇ, ಅಂದರೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಕೂಡ ಉಳಿದಿದೆ. "ಎಂಜೈಮ್ ವಾಷ್" ಎಂಬ ಚೀಟಿ ಹಚ್ಚಿದ ಪ್ಯಾಂಟಿಗೂ ಪಿಪಿ ಹೊಡೆದಿರಬಹುದು. ಚೀಟಿಯಲ್ಲಿ ಸುಳ್ಳಿಲ್ಲ, ಪೂರ್ತಿ ನಿಜವೂ ಇಲ್ಲ.

ಇಂಡಿಗೊ ಎಂದ ಮೇಲೆ ಹಿಂದಿನದನ್ನು ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ವೇಗವರ್ಧಕದ ಚರಿತ್ರೆಯಲ್ಲಿ ಒಂದು ದೊಡ್ಡ ಅಧ್ಯಾಯ ಈ ನೀಲಿಯದೇ. ನಿಮ್ಮ ಪಕ್ಕದ ಕಡಪ ಒಂದು ಕಾಲಕ್ಕೆ ನೀಲಿ ಬೆಳೆಗೆ ಹೆಸರಾಗಿತ್ತು. ಮದ್ರಾಸ್ ಪ್ರಾಂತ್ಯದ ನೀಲಿಯ ಒಂದು ಬಗೆ ಲಂಡನ್ನಿನ ಮಾರುಕಟ್ಟೆಯಲ್ಲಿ ಕಡಪದ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಅತ್ತ ಜರ್ಮನಿಯ ಬಿಎಎಸ್ಎಫ್ ಕಂಪನಿ ಅದನ್ನು ಕಾರ್ಖಾನೆಯಲ್ಲಿ ಮಾಡಲು ಹಟ ಹಿಡಿದು ಕೂತಿತ್ತು. ನ್ಯಾಫ್ತಲೀನನ್ನು, ಅಂದರೆ ನುಸಿಗುಳಿಗೆಯ ಆ ಪದಾರ್ಥವನ್ನು, ಗಂಧಕಾಮ್ಲದಲ್ಲಿ ಕಾಯಿಸಿ ಮುಂದಿನ ಹಂತಕ್ಕೆ ಒಯ್ಯಬೇಕಿತ್ತು, ಕ್ರಿಯೆ ಮುಂದೆ ಸಾಗುತ್ತಿರಲಿಲ್ಲ. ಒಂದು ದಿನ ಪಾತ್ರೆಯಲ್ಲಿಟ್ಟ ಥರ್ಮಾಮೀಟರ್ ಒಡೆದು ಪಾದರಸ ಒಳಗೆ ಬಿತ್ತು, ಕ್ರಿಯೆ ಸರಾಗವಾಯಿತು ಎನ್ನುವುದು ರಸಾಯನಶಾಸ್ತ್ರದಲ್ಲಿ ಬಹಳ ಪ್ರಸಿದ್ಧವಾದ ಕಥೆ. ಪಾದರಸದ ಲವಣ ವೇಗವರ್ಧಕವಾಗಿತ್ತು. 1897ರಲ್ಲಿ ಕಾರ್ಖಾನೆಯ ಇಂಡಿಗೊ ಮಾರುಕಟ್ಟೆಗೆ ಬಂತು. ಎರಡು ದಶಕ ಕಳೆಯುವುದರೊಳಗೆ ನಮ್ಮ ನೀಲಿ ಹೊಲಗಳ ಕಥೆ ಬಹುತೇಕ ಮುಗಿದಿತ್ತು. ಆ ಇಂಡಿಗೊಗೆ ಬೇಕಾದ ತೀಕ್ಷ್ಣ ಗಂಧಕಾಮ್ಲವನ್ನು ಅಗ್ಗವಾಗಿ ಮಾಡಲು ಪ್ಲಾಟಿನಂ ವೇಗವರ್ಧಕದ ವಿಧಾನವನ್ನು ಅದೇ ಕಂಪನಿ ಪಳಗಿಸಿತು.

ಇಲ್ಲಿ ಮಗಳಿಗೆ ಒಂದು ಮಾತು: ವೇಗವರ್ಧಕ ಇದ್ದ ಮಾತ್ರಕ್ಕೆ ಕ್ರಿಯೆ ಹಸಿರಾಗುವುದಿಲ್ಲ. ಪಾದರಸ ವೇಗವರ್ಧಕವೂ ಹೌದು, ವಿಷವೂ ಹೌದು. ಇವತ್ತಿನ ಇಂಡಿಗೊ ಕೂಡ ಬಹುಪಾಲು ಕಚ್ಚಾ ತೈಲದಿಂದ ಬರುವ ಅನಿಲಿನ್, ಫಾರ್ಮಾಲ್ಡಿಹೈಡ್, ಸಯನೈಡುಗಳ ದಾರಿಯಲ್ಲೇ ತಯಾರಾಗುತ್ತದೆ.

ಹಾಗಾದರೆ ಹೊಸದೇನಿದೆ ಎಂದು ಕೇಳಿದರೆ ಉತ್ತರ ನೂಲಿಗೆ ಬಣ್ಣ ಹಾಕುವ ತೊಟ್ಟಿಯಲ್ಲೇ ಇದೆ. ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ಕರಗಿಸಲು ಸೋಡಿಯಂ ಹೈಡ್ರೋಸಲ್ಫೈಟ್ ಹಾಕಬೇಕು, ಬಣ್ಣದವರು 'ಹೈಡ್ರೊ' ಅನ್ನುವುದು ಇದಕ್ಕೇ. ಆಗ ನೀಲಿ ಹಳದಿ ಮಿಶ್ರಿತ ಹಸಿರಾಗಿ ನೂಲಿಗೆ ಹತ್ತುತ್ತದೆ, ಗಾಳಿ ಸೋಕಿದೊಡನೆ ಮತ್ತೆ ನೀಲಿಯಾಗುತ್ತದೆ. ಆ ಹೈಡ್ರೊ ಗಂಧಕದ ಲವಣಗಳಾಗಿ ಚರಂಡಿ ಸೇರುತ್ತದೆ. ಇದನ್ನು ತಗ್ಗಿಸಲು ಕಾರ್ಖಾನೆಯಲ್ಲೇ ನಿಕಲ್ ವೇಗವರ್ಧಕದ ಮೇಲೆ ಹೈಡ್ರೋಜನ್ ಹಾಯಿಸಿ, ಕರಗಿದ ರೂಪದ ಇಂಡಿಗೊವನ್ನು ಡ್ರಮ್ಮಿನಲ್ಲಿ ತುಂಬಿ ಮಾರುವ ಪದ್ಧತಿ ಬಂದಿದೆ. ದೊಡ್ಡ ಡೆನಿಮ್ ಮಿಲ್ಲುಗಳು ಅದನ್ನು ಬಳಸುತ್ತವೆ, ಹೈಡ್ರೊ ಖರ್ಚು ಗಣನೀಯವಾಗಿ ಇಳಿಯುತ್ತದೆ.

ಇನ್ನೂ ಮುಂದಕ್ಕೆ ಹೋದವರಿದ್ದಾರೆ. ನೀಲಿ ಗಿಡದ ಎಲೆಯಲ್ಲಿ ನೀಲಿ ಇರುವುದಿಲ್ಲ. ಅಲ್ಲಿರುವುದು ಇಂಡಿಕನ್ ಎಂಬ, ಸಕ್ಕರೆಯ ಅಣು ಅಂಟಿಕೊಂಡ, ಬಣ್ಣವಿಲ್ಲದ, ನೀರಿನಲ್ಲಿ ಕರಗುವ ವಸ್ತು. ಎಲೆ ನೆನೆಹಾಕಿದಾಗ ಒಂದು ಕಿಣ್ವ ಆ ಸಕ್ಕರೆಯನ್ನು ಕಳಚುತ್ತದೆ, ಗಾಳಿ ನೀಲಿ ಮಾಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ತಂಡವೊಂದು 2018ರಲ್ಲಿ ಇದನ್ನೇ ಬ್ಯಾಕ್ಟೀರಿಯಾದಲ್ಲಿ ಮಾಡಿಸಿತು. ಬ್ಯಾಕ್ಟೀರಿಯಾ ಇಂಡಿಕನ್ ತಯಾರಿಸುತ್ತದೆ, ಬಟ್ಟೆಯ ಮೇಲೆ ಕಿಣ್ವ ಸಕ್ಕರೆ ಕಳಚುತ್ತದೆ, ಹೈಡ್ರೊ ಬೇಕೇ ಇಲ್ಲ. 2024ರಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದವರು ಇಂಡಿಕನ್ ತಯಾರಿಸುವ ಕಿಣ್ವವನ್ನು ಹೆಚ್ಚು ಗಟ್ಟಿ ಮಾಡಿ, ಕಿಣ್ವದ ಬದಲು ಬರೀ ಬೆಳಕಿನಿಂದಲೂ ಬಟ್ಟೆಗೆ ನೀಲಿ ಬರಿಸಬಹುದೆಂದು ತೋರಿಸಿದರು. ಕಿಣ್ವವನ್ನು ಹೀಗೆ ಬೇಕಾದ ಹಾಗೆ ತಿದ್ದುವ ವಿದ್ಯೆಯ ಒಂದು ಮುಖ್ಯ ದಾರಿಗೆ, ಅಂದರೆ ಅದರ ಜೀನನ್ನು ಮತ್ತೆಮತ್ತೆ ಬದಲಿಸಿ ಚೆನ್ನಾಗಿರುವುದನ್ನು ಆರಿಸಿಕೊಳ್ಳುವ ದಾರಿಗೆ, ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ 2018ರ ನೊಬೆಲ್ ಸಿಕ್ಕಿತು. ಹಾಗೆಂದು ನಾಳೆಯೇ ನಿಮ್ಮ ಘಟಕಕ್ಕೆ ಬ್ಯಾಕ್ಟೀರಿಯಾದ ನೀಲಿ ಬರುತ್ತದೆ ಎಂದುಕೊಳ್ಳಬೇಡಿ. ಅನಿಲಿನ್ ದಾರಿಯ ಇಂಡಿಗೊ ಬಹಳ ಅಗ್ಗ. ಆ ಬೆಲೆಗೆ ಸರಿಗಟ್ಟುವುದು ಪ್ರಯೋಗಾಲಯದ ಕೆಲಸಕ್ಕಿಂತ ಕಷ್ಟ.

ಈಗ ವಾಷಿಂಗ್‌ನವರು ಹೇಳದೆ ಬಿಟ್ಟ ಅರ್ಧ, ಅಂದರೆ ನೀರು. ಲೆವಿಸ್ ಕಂಪನಿ ತನ್ನ ಒಂದು ಜೀನ್ಸ್ ಪ್ಯಾಂಟಿನ ಇಡೀ ಆಯುಷ್ಯದ ನೀರಿನ ಲೆಕ್ಕ ಹಾಕಿಸಿತ್ತು: 3,781 ಲೀಟರ್. ಅದರಲ್ಲಿ ಶೇ 68 ಹತ್ತಿ ಬೆಳೆಯಲು, ಶೇ 23 ಕೊಂಡವರು ಮನೆಯಲ್ಲಿ ಒಗೆಯಲು. ವಾಷಿಂಗ್ ಘಟಕದ ಪಾಲು ಸರಾಸರಿ 42 ಲೀಟರ್ ಎಂದು ಅದೇ ಕಂಪನಿ ಹೇಳುತ್ತದೆ. ಇಷ್ಟೇ ತಾನೆ ಎಂದು ಕಂಪನಿಗಳು ಕೈತೊಳೆದುಕೊಳ್ಳಬಹುದು, ನಾವು ಹಾಗೆ ಮಾಡಲಾಗದು. ಹತ್ತಿ ಎಲ್ಲೋ ಬೆಳೆಯಿತು, ಪ್ಯಾಂಟನ್ನು ಇನ್ನೆಲ್ಲೋ ಒಗೆಯುತ್ತಾರೆ. ಆ 42 ಲೀಟರ್ ಮಾತ್ರ ನಮ್ಮ ಬೋರ್‌ವೆಲ್ಲಿನದು. ಸಾವಿರ ಪ್ಯಾಂಟಿನ ಒಂದು ಲಾಟಿಗೆ 42 ಸಾವಿರ ಲೀಟರ್, ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಎಂಟಕ್ಕಿಂತ ಹೆಚ್ಚು. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಅದು ಸಣ್ಣ ಲೆಕ್ಕವಲ್ಲ.

ಮಲೆನಾಡಿನ ಹೊಳೆಗೆ ಬಿದ್ದ ಕೊಳಕು ಒಂದಿಷ್ಟಾದರೂ ತೆಳುವಾಗಿ ಮುಂದೆ ಹೋಗುತ್ತದೆ. ನಿಮ್ಮ ಕಡೆಯ ಹಗರಿಯಂಥ ಹೊಳೆಯಲ್ಲಿ ವರ್ಷದ ಬಹುಪಾಲು ಮರಳೇ ಕಾಣುವುದು. ಬಿಟ್ಟ ನೀರು ಅಲ್ಲೇ ಇಂಗಿ ಬೋರ್‌ವೆಲ್ಲಿಗೆ ಬರುತ್ತದೆ. ಬಣ್ಣ ಕಣ್ಣಿಗೆ ಕಾಣುವುದರಿಂದ ಜನ ಅದಕ್ಕೇ ಗಲಾಟೆ ಮಾಡುತ್ತಾರೆ. ಇಂಡಿಗೊ ನೀರಿನಲ್ಲಿ ಕರಗದ್ದು, ಕೆಳಗೆ ಕೂರಿಸಿ ತೆಗೆಯುವುದು ಅಷ್ಟು ಕಷ್ಟವಲ್ಲ. ಕಬ್ಬಿಣದ ಲವಣ, ಪೆರಾಕ್ಸೈಡ್ ಸೇರಿಸಿ ಬಣ್ಣ ಒಡೆಯುವ ಫೆಂಟನ್ ವಿಧಾನ 1890ರ ದಶಕದ ರಸಾಯನಶಾಸ್ತ್ರ, ಅದೂ ವೇಗವರ್ಧಕದ್ದೇ. ತೊಂದರೆ ಇರುವುದು ಕಾಣದ ಉಪ್ಪಿನಲ್ಲಿ. ಪಿಎಚ್ ಏರಿಸಲು ಹಾಕಿದ ಸೋಡಾ, ಇಳಿಸಲು ಹಾಕಿದ ಆಸಿಡ್, ಪಿಪಿ ತೊಳೆಯಲು ಹಾಕಿದ ಬೈಸಲ್ಫೈಟ್, ಎಲ್ಲ ಕೊನೆಗೆ ಕರಗಿದ ಲವಣವಾಗಿ ಉಳಿಯುತ್ತವೆ. ಉಪ್ಪನ್ನು ಇಲ್ಲವಾಗಿಸುವ ವೇಗವರ್ಧಕ ಪ್ರಪಂಚದಲ್ಲಿಲ್ಲ, ಬರುವುದೂ ಇಲ್ಲ. ಅದನ್ನು ಆರ್‌ಒ ಪೊರೆಯಲ್ಲಿ ಸೋಸಬೇಕು, ಉಳಿದ ಗಟ್ಟಿ ಉಪ್ಪುನೀರನ್ನು ಆವಿ ಮಾಡಬೇಕು. ಖರ್ಚು ಇರುವುದು ಅಲ್ಲಿ. ಸಣ್ಣ ಘಟಕವೊಂದಕ್ಕೆ ಅದು ಹೊರಲಾಗದ ಹೊರೆ, ಹಲವರು ಸೇರಿ ಸಾಮಾನ್ಯ ಶುದ್ಧೀಕರಣ ಘಟಕ ಕಟ್ಟಿಕೊಂಡರೆ ಮಾತ್ರ ಸಾಧ್ಯ. ನಿಮ್ಮಿಂದ ಐವತ್ತು ಕಿಲೋಮೀಟರ್ ಆಸುಪಾಸಿನ ಬಳ್ಳಾರಿಯಲ್ಲಿ 2024ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಹಲವು ಜೀನ್ಸ್ ಬಣ್ಣ, ವಾಷಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಿದಾಗ ಜಗಳ ಕೊಳಕು ನೀರಿನದೇ ಆಗಿತ್ತು, ಎಂಜೈಮಿನದಲ್ಲ.

ಮಡಕಶಿರದ ಪ್ರಶ್ನೆಗೆ ಬರುತ್ತೇನೆ. (2022ರ ಏಪ್ರಿಲ್‌ನಿಂದ ನಿಮ್ಮ ಹುಟ್ಟೂರು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಹೊಂಗೆ ಮರಗಳಿಗೆ ಅದರಿಂದ ವ್ಯತ್ಯಾಸವಾಗಿಲ್ಲ.) ಎಣ್ಣೆಗೆ ಮೆಥನಾಲ್ ಸೇರಿಸಿ, ಕಾಸ್ಟಿಕ್ ಸೋಡಾ ಇಲ್ಲವೇ ಪೊಟ್ಯಾಶ್ ಕ್ಷಾರವನ್ನು ವೇಗವರ್ಧಕವಾಗಿ ಹಾಕಿ 60 ಡಿಗ್ರಿಯ ಸುತ್ತ ಬಿಸಿ ಮಾಡಿದರೆ ಬಯೋಡೀಸೆಲ್ ಮೇಲೆ ನಿಲ್ಲುತ್ತದೆ, ಗ್ಲಿಸರಿನ್ ಕೆಳಗೆ. ನೂರು ಕಿಲೋ ಎಣ್ಣೆಗೆ ಹೆಚ್ಚುಕಡಿಮೆ ನೂರು ಕಿಲೋ ಡೀಸೆಲ್, ಹತ್ತು ಕಿಲೋ ಗ್ಲಿಸರಿನ್. ಓದಲು ಸುಲಭ. ಆದರೆ ಹೊಂಗೆ ಬೀಜ ಮೂಟೆಯಲ್ಲಿ ಕೂತು ಹಳತಾದಂತೆ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಏರುತ್ತದೆ. ಕ್ಷಾರ ಅದರ ಜೊತೆ ಕೂಡಿ ಸಾಬೂನಾಗುತ್ತದೆ, ಡೀಸೆಲ್ಲೂ ಗ್ಲಿಸರಿನ್ನೂ ಬೇರೆಯಾಗದೆ ಗೊಜ್ಜಾಗುತ್ತದೆ. ಮೊದಲು ಗಂಧಕಾಮ್ಲದಿಂದ ಹದ ಮಾಡಬೇಕು, ಆಮೇಲೆ ಕ್ಷಾರ, ಆಮೇಲೆ ನೀರಿನಲ್ಲಿ ಮತ್ತೆಮತ್ತೆ ತೊಳೆಯಬೇಕು. ಇಲ್ಲೂ ನೀರೇ!

ಇದಕ್ಕೆ ಪರಿಹಾರ ಘನ ವೇಗವರ್ಧಕ. ಎಣ್ಣೆಯಲ್ಲಿ ಕರಗದೆ ಹರಳಾಗಿಯೇ ಉಳಿದು, ಸೋಸಿ ಮತ್ತೆ ಬಳಸಬಹುದಾದದ್ದು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಾಲ್ ರತ್ನಸಾಮಿ, ಡಿ. ಶ್ರೀನಿವಾಸ್ ಅವರ ತಂಡ ಕಬ್ಬಿಣ, ಸತು ಕೂಡಿದ ಅಂಥದೊಂದನ್ನು 2006ರಲ್ಲೇ ಪ್ರಕಟಿಸಿತು. ಬಿಡಿ ಆಮ್ಲವಿದ್ದರೂ ಅದು ಕೆಡುವುದಿಲ್ಲ, ಸಾಬೂನು ಮಾಡುವುದಿಲ್ಲ, ಗ್ಲಿಸರಿನ್ ಶುದ್ಧವಾಗಿ ಸಿಗುತ್ತದೆ. ಅಂದಮೇಲೆ ಹೊಂಗೆ ಡೀಸೆಲ್ ನಿಂತದ್ದು ವೇಗವರ್ಧಕ ಇಲ್ಲದೆ ಅಲ್ಲ. ಹಾಸನದ ಮಡೇನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ರೈತರಿಗೆ ಗಿಡ ಕೊಟ್ಟಿತು, ಎಣ್ಣೆ ತೆಗೆದು ತೋರಿಸಿತು. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ರ ಹೊತ್ತಿಗೆ ಡೀಸೆಲ್ಲಿನಲ್ಲಿ ಶೇ 20 ಮಿಶ್ರಣ ಎಂದಿತು. ಈಗಿನ ಗುರಿ 2030ಕ್ಕೆ ಶೇ 5, ಆದದ್ದು ಶೇ 1ಕ್ಕೂ ಕಡಿಮೆ. ಬೀಜ ಆರಿಸುವ ಕೂಲಿ, ಹೊಂಗೆ ಎಣ್ಣೆಗೆ ಬೇರೆ ಕಡೆ ಸಿಗುವ ಬೆಲೆ, ಮರ ಫಲ ಕೊಡಲು ಬೇಕಾದ ವರ್ಷಗಳು: ಲೆಕ್ಕ ಸೋತದ್ದು ಇಲ್ಲಿ. ತೊಟ್ಟಿಯ ಒಳಗಿನ ಕೆಲಸ ಸಲೀಸಾಗಿತ್ತು, ತೊಟ್ಟಿಯವರೆಗೆ ಬೀಜ ಬರಲಿಲ್ಲ.

ಬಯೋಡೀಸೆಲ್ಲಿಗೆ ಬೇಕಾದ ಆ ಮೆಥನಾಲನ್ನೂ ಭಾರತ ಬಹುಪಾಲು ಆಮದು ಮಾಡಿಕೊಳ್ಳುತ್ತದೆ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ತಂಡ ಹೊಗೆಯ ಇಂಗಾಲದ ಡೈಆಕ್ಸೈಡಿನಿಂದಲೇ ಮೆಥನಾಲ್ ಮಾಡುವ ವೇಗವರ್ಧಕಗಳ ಮೇಲೆ ಕೆಲಸ ಮಾಡುತ್ತಿದೆ. ಅಲ್ಲಿಂದ ಹೊರಟ ಬ್ರೀದ್ ಎಂಬ ಕಂಪನಿ 2018ರಲ್ಲಿ ಅಂತರರಾಷ್ಟ್ರೀಯ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಕೊನೆಯ ಸುತ್ತಿಗೆ ಹೋಗಿತ್ತು. ಒಂದು ಕಿಲೋ ಮೆಥನಾಲಿಗೆ ಸುಮಾರು 190 ಗ್ರಾಂ ಹೈಡ್ರೋಜನ್ ಬೇಕು, ಅದನ್ನು ನೀರಿನಿಂದ ತೆಗೆಯಲು ಹತ್ತು ಯುನಿಟ್ ಕರೆಂಟು. ರಾಯದುರ್ಗದ ಸುತ್ತಿನ ಗಾಳಿಯಂತ್ರಗಳ ಕರೆಂಟು ಯಾವ ಬೆಲೆಗೆ ಸಿಗುತ್ತದೆ ಎಂಬುದರ ಮೇಲೆ ಅದರ ಹಣೆಬರಹ. ಮಗಳಿಗೆ ಈ ವಿಷಯದಲ್ಲಿ ಆಸಕ್ತಿಯಿದ್ದರೆ ಜಕ್ಕೂರು ನಿಮಗೆ ದೂರವೇನಲ್ಲ.

ವಾಷಿಂಗ್‌ನವರ ರೇಟಿನ ವಿಷಯಕ್ಕೆ ನನ್ನ ಅಭಿಪ್ರಾಯ: ಎಂಜೈಮಿಗೆಂದು ಹೆಚ್ಚು ದುಡ್ಡು ಕೊಡಬೇಡಿ, ಅದು ಅವರಿಗೇ ಕಲ್ಲು, ಸೌದೆ, ಹೊತ್ತು ಉಳಿಸುತ್ತದೆ. ಒಂದು ಪ್ಯಾಂಟಿಗೆ ಎಷ್ಟು ಲೀಟರ್ ನೀರು, ಹೊರಬಿಟ್ಟ ನೀರಿನ ಟಿಡಿಎಸ್ (ಕರಗಿದ ಲವಣದ ಪ್ರಮಾಣ) ಎಷ್ಟು, ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಕಾಗದ ತೋರಿಸಿ ಉತ್ತರ ಕೊಡುವವರಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅಲ್ಲಿ ಕೆಲಸ ಮಾಡುವ ಹುಡುಗರಿಗೆ ಇನ್ನೊಂದು ಮಾತು ತಿಳಿಸಿ. ಎಂಜೈಮ್ ಪುಡಿಯ ದೂಳು ಮೂಗಿಗೆ ಹೋಗುತ್ತಿದ್ದರೆ ಕೆಲವರಿಗೆ ಅಲರ್ಜಿ ಹತ್ತಿ ಉಬ್ಬಸ ಬರುತ್ತದೆ. ಸೋಪಿನ ಪುಡಿ ಕಾರ್ಖಾನೆಗಳು ಇದನ್ನು 1960ರ ದಶಕದ ಕೊನೆಗೇ ಕಂಡಿವೆ. ಪುಡಿಯ ಬದಲು ದ್ರವರೂಪದ ಎಂಜೈಮ್ ತರಿಸಲಿ, ಪುಡಿಯೇ ಆದರೆ ಮುಖಕ್ಕೆ ಮಾಸ್ಕ್ ಇಲ್ಲದೆ ಡಬ್ಬಿ ತೆರೆಯುವುದು ಬೇಡ.